ಅಭಿಷೇಕದ ಹೊತ್ತಿನ ಪೆಟ್ರೋಲು

ಶಾಂತಿನಾಥ ಕೈ ತೊಳೆಯುತ್ತಲೇ ಇದ್ದ. ಸಾಬೂನು ಆಯಿತು, ಕಡಲೆಹಿಟ್ಟು ಆಯಿತು, ಕೊನೆಗೆ ಹಿಂಡಿದ ಲಿಂಬೆಹಣ್ಣಿನ ಸಿಪ್ಪೆಯನ್ನೂ ತಿಕ್ಕಿದ. ಹಾಳಾದ ಪೆಟ್ರೋಲಿನ ವಾಸನೆ ಉಗುರ ಸಂದಿನಲ್ಲಿ ಕೂತೇ ಇತ್ತು, ಇಲ್ಲವೇ ಕೂತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಜೀವಮಾನವೆಲ್ಲ ಸಾಂಗ್ಲಿಯ ಪೇಟೆಯಲ್ಲಿ ಅರಿಷಿಣದ ಅಡತಿ ವ್ಯಾಪಾರ ನಡೆಸಿದ ಕೈ ಅದು. ಮದುವೆಯಾದ ಹೊಸದರಲ್ಲಿ ಮಂಗಲಾ ಅವನ ಅಂಗೈ ಮೂಸಿ, 'ನಿಮಗ ದಿನಾ ಅರಿಷಿಣ ಹಚ್ಚೂ ಕಾರ್ಯ ಐತೇನ್ರಿ?' ಎಂದು ನಗುತ್ತಿದ್ದಳು. ಈಗ ಅದೇ ಕೈಯನ್ನು ಅವಳ ಮುಖದ ಹತ್ತಿರ ಒಯ್ಯಲು ಅವನಿಗೆ ಧೈರ್ಯವಿಲ್ಲ. ಬಚ್ಚಲ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಮಗ ಅನೇಕಾಂತ ಹಳೇ ಮಾರುತಿ ವ್ಯಾನಿನ ಹಿಂದಿನ ಸೀಟಿಗೆ ಗಾದಿ ಹಾಕಿ, ಅದರ ಮೇಲೆ ಬಿಳಿ ಚಾದರ ಹಾಸಿ, ಸುಕ್ಕು ತೀಡುತ್ತಿದ್ದ. ಇವತ್ತು ವ್ಯಾನಿನ ಪೆಟ್ರೋಲ್ ಟಾಕಿ ತುಂಬಿತ್ತು. ಗಾಡಿಯನ್ನು ಗೇಟಿನೊಳಗೇ ತಂದು ನಿಲ್ಲಿಸಿ, ಟಾಕಿಯ ಮುಚ್ಚಳಕ್ಕೆ ಹೊಸ ಕೀಲಿ ಹಾಕಿಸಿ, ಆ ಕೀಲಿಕೈಯನ್ನು ಮಗ ತನ್ನ ಕಿಸೆಯಲ್ಲೇ ಇಟ್ಟುಕೊಂಡಿದ್ದ. ಅಂದರೆ ಇವತ್ತು ಮಂಗಲಾ ಹೋಗುತ್ತಾಳೆ. ಇನ್ನು ತನ್ನಿಂದ ಆಗುವಂಥದು ಏನೂ ಉಳಿದಿಲ್ಲ.

ಅವಳು ಹೋಗುವುದು ಗುಡ್ಡದ ಮೇಲಿನ ಆಶ್ರಮಕ್ಕೆ, ಜೈನ ಮುನಿ ಮಹಾರಾಜರ ಸನ್ನಿಧಿಗೆ. ಅಲ್ಲಿ ಸಲ್ಲೇಖನ ತೆಗೆದುಕೊಳ್ಳುತ್ತಾಳೆ. ಮೊದಲು ಅನ್ನ ಬಿಡುತ್ತಾಳೆ, ಆಮೇಲೆ ಹಾಲು, ಆಮೇಲೆ ನೀರು, ಆಮೇಲೆ ದೇಹ. ಹೊಟ್ಟೆಯೊಳಗಿನ ಗಂಟು ಎಲ್ಲ ಕಡೆ ಹಬ್ಬಿದೆ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಮಿರಜಿನ ಡಾಕ್ಟರು ಹೇಳಿದ ದಿನವೇ, ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ, ಬರುವಾಗ ಕೊತ್ತಂಬರಿ ತನ್ನಿ ಎನ್ನುವ ದನಿಯಲ್ಲಿ ಅವಳು ಹೇಳಿದ್ದಳು: 'ನಾ ಎಚ್ಚರ ಇದ್ದಾಗ ಹೋಗಾಕಿ. ನಳಿಗಿ ಚುಚ್ಚಿಸ್ಕೊಂಡ, ಒದರ್ಕೊಂತ ಹೋಗಾಕಿ ಅಲ್ಲ.' ಬೇಡ ಎನ್ನುವ ಮಾತು ಶಾಂತಿನಾಥನ ಗಂಟಲ ತನಕ ಬಂತು. ಆಡಲಿಲ್ಲ. ವ್ರತ ಹಿಡಿಯುವವರಿಗೆ ಅಡ್ಡ ಬಂದರೆ ಅಂತರಾಯ ಕರ್ಮ ಸುತ್ತಿಕೊಳ್ಳುತ್ತದೆ ಎಂದು ತಾಯಿಯ ಮಡಿಲಲ್ಲೇ ಕೇಳಿ ಬೆಳೆದವನು ಅವನು. ಸುದ್ದಿ ಪದ್ಮಾವತಿ ಕಾಲನಿಯಲ್ಲಿ ಹಬ್ಬಿದ್ದೇ ತಡ, ಜನ ಬಂದು ಅವನ ಕಾಲು ಮುಟ್ಟತೊಡಗಿದರು. 'ಕಾಕಾ, ಭಾಗ್ಯವಂತರು ನೀವು. ಮನೆತನ ಉದ್ಧಾರ ಆತು.' ಹೆಂಡತಿ ಸಾಯುತ್ತಿದ್ದಾಳೆ, ಓಣಿಗೆ ಓಣಿಯೇ ಬಂದು ಅಭಿನಂದನೆ ಹೇಳುತ್ತಿದೆ! ಜಿನ ಬಸ್ತಿಯಲ್ಲಿ ಮಂಗಲಳ ಹೆಸರು ಕೂಗಿ ಜಯಕಾರ ಹಾಕಿದಾಗ ಅವನು ಕೈಮುಗಿದು, ಹಲ್ಲು ಕಚ್ಚಿ ನಿಂತ. ಅಳೋಣವೆಂದರೆ ಸ್ವಂತ ಮನೆಯಲ್ಲಿ ಅವನಿಗೊಂದು ಮೂಲೆ ಸಿಗಲಿಲ್ಲ.

ಮೊದಲನೆಯ ಸಲ ಟಾಕಿಯೊಳಗೆ ನಳಿಗೆ ಬಿಟ್ಟದ್ದು ಯಾವ ಯೋಚನೆಯಿಂದ ಎಂದು ಕೇಳಿದರೆ ಅವನಿಗೇ ಹೇಳಲು ಬಾರದು. ಮುಂಜಾನೆ ಇಡೀ ಕಾಲನಿ ಅಭಿಷೇಕಕ್ಕೆಂದು ಬಸ್ತಿಗೆ ಹೋಗುತ್ತದೆ. ಮೊಣಕಾಲು ನೋವು ಎಂದು ಅವನು ಹಿಂದುಳಿದಿದ್ದ. ಮಗ ಸೊಸೆ ತಿರುಗಿ ಬಂದ ಕೂಡಲೆ, ಬಿಸಿಲೇರುವುದರೊಳಗೆ, ಮಂಗಲಳನ್ನು ಕರೆದುಕೊಂಡು ಹೊರಡುವುದೆಂದು ನಿಶ್ಚಯವಾಗಿತ್ತು. ಓಣಿಯಲ್ಲಿ ಬೇವಿನ ಮರದ ಕೆಳಗೆ ವ್ಯಾನು ನಿಂತಿತ್ತು. ಅಡತಿಯ ಕಾಲದಲ್ಲಿ ಲಾರಿಯಿಂದ ಡೀಸೆಲ್ ಎಳೆದುಕೊಳ್ಳುತ್ತಿದ್ದ ರಬ್ಬರ್ ನಳಿಗೆ ಅಟ್ಟದ ಮೇಲೆ ಬಿದ್ದಿತ್ತು. ಬಾಯಿ ಹಚ್ಚಿ ಎಳೆದ. ಸೋಸದ ನೀರನ್ನೂ ಕುಡಿಯದ ಬಾಯಿಗೆ ಪೆಟ್ರೋಲು ನುಗ್ಗಿತು. ನಾಲಿಗೆ ಉರಿದು ಕಣ್ಣಲ್ಲಿ ನೀರು ಬಂತು. ನೀರು ಬಂದದ್ದಕ್ಕೆ ಒಂದು ನೆಪ ಸಿಕ್ಕಿತಲ್ಲ ಎಂದು ಗಾಡಿಯ ಮರೆಗೆ ಕೂತು ಮನಸಾರೆ ಅತ್ತ. ಆಮೇಲೆ ಇನ್ನೊಂದು ಫಜೀತಿ. ಬಕೇಟಿಗೆ ಎಳೆದದ್ದನ್ನು ಚೆಲ್ಲುವುದೆಲ್ಲಿ? ಮರದ ಬುಡದಲ್ಲಿ ಇರುವೆ ಸಾಲು. ಹಿತ್ತಲ ಮಣ್ಣಲ್ಲಿ ಎರೆಹುಳ. ಗಟಾರಿಗೆ ಬಿಟ್ಟರೆ ಅಲ್ಲಿಯೂ ಜೀವಗಳೇ. ಎಂಥ ಕಳ್ಳ ನೋಡಿ, ಕದಿಯಲು ಅಂಜಲಿಲ್ಲ, ಚೆಲ್ಲಲು ಅಂಜಿದ! ಕೊನೆಗೆ ಶೇಂಗಾ ಎಣ್ಣೆಯ ಖಾಲಿ ಡಬ್ಬಿಗೆ ತುಂಬಿ, ಮೆಟ್ಟಿಲ ಕೆಳಗೆ ಗೋಣಿಚೀಲ ಮುಚ್ಚಿ ಇಟ್ಟ. ಅನೇಕಾಂತ ಬಂದು ಕೀಲಿ ತಿರುವಿದರೆ ವ್ಯಾನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಏನಾಗಿದೆ ಎಂದು ತಿಳಿದು, ಪಂಪಿಗೆ ಓಡಿ ಪೆಟ್ರೋಲು ತರುವಷ್ಟರಲ್ಲಿ ಬಿಸಿಲು ಏರಿತು. ಬಿಸಿಲಲ್ಲಿ ಗಾಡಿ ಹತ್ತಿದರೆ ಮಂಗಲಾ ವಾಂತಿ ಮಾಡಿಕೊಂಡು ಎಚ್ಚರ ತಪ್ಪುತ್ತಿದ್ದಳು. 'ಇರ್ಲಿ, ನಾಳಿ ಹೋಗೂನು' ಎಂದಳು ಅವಳೇ. ನಾಳೆ ಎಂಬ ಶಬ್ದ ಇಷ್ಟು ಚೆಂದ ಇದೆಯೆಂದು ಶಾಂತಿನಾಥನಿಗೆ ಅದುವರೆಗೆ ಗೊತ್ತಿರಲಿಲ್ಲ.

ಆ ದಿನ ಅವರಿಬ್ಬರೇ. ಮಗ ಕಾಲೇಜಿನ ಕೆಲಸಕ್ಕೆ ಮಿರಜಿಗೆ ಹೋದ, ಸೊಸೆ ವೃಷಾಲಿ ಬ್ಯಾಂಕಿಗೆ. ಹೊತ್ತು ಮುಳುಗುವುದರೊಳಗೆ ಉಣಿಸಬೇಕೆಂದು ಅವನು ತಾನೇ ಅಕ್ಕಿಗಂಜಿ ಕಾಯಿಸಿ, ಆರಿಸಿ, ಚಮಚದಿಂದ ಅವಳ ತುಟಿಗೆ ಹಚ್ಚಿದ. ಮನೆಯಲ್ಲಿ ಬರೀ ಮರಾಠಿ. ಮಗನಿಗೆ ಕನ್ನಡ ತಿಳಿಯುತ್ತದೆ, ಆಡಲು ಹೋದರೆ ತೊದಲುತ್ತಾನೆ. ಇಬ್ಬರೇ ಇದ್ದಾಗ ಅವಳ ಬಾಯಲ್ಲಿ ಕನ್ನಡ ತಾನಾಗಿಯೇ ಬರುತ್ತಿತ್ತು. ಸಮಡೋಳಿಯ ತವರುಮನೆಯಲ್ಲಿ ಲಗ್ನದ ದಿನ ಎಮ್ಮೆ ಹಗ್ಗ ಹರಿದುಕೊಂಡು ಬಂದು ಬೀಗರ ಪೈಕಿ ಯಾರದೋ ತಲೆಯ ರುಮಾಲು ಮೆದ್ದುಬಿಟ್ಟ ಕತೆ ತೆಗೆದಳು. ರುಮಾಲು ಶಾಂತಿನಾಥನ ಸೋದರಮಾವನದು. ಮಾವ ಬೋಳುತಲೆ ಮುಚ್ಚಿಕೊಳ್ಳಲು ಪತ್ರಾವಳಿ ಹಿಡಿದು ನಿಂತದ್ದನ್ನು ಅವನು ಅಭಿನಯಿಸಿ ತೋರಿಸಿದ. ಅವಳು ಹೊಟ್ಟೆ ಹಿಡಿದುಕೊಂಡು, 'ಸಾಕ್ ಮಾಡ್ರಿ, ನಗಸಬ್ಯಾಡ್ರಿ, ನೋಯ್ತೈತಿ' ಎಂದಳು, ನಗು ಬಿಡಲಿಲ್ಲ. ಇಂಥ ಒಂದು ದಿನ ಸಿಕ್ಕ ಮೇಲೆ ಇನ್ನೊಂದು ಬೇಡ ಎನ್ನುವುದು ಹೇಗೆ? ಮರುದಿನವೂ ಅಭಿಷೇಕದ ಹೊತ್ತಿಗೆ ಟಾಕಿ ಖಾಲಿಯಾಯಿತು. ಎದುರುಮನೆಯ ಅರಿಹಂತ, ಕಾಲನಿಯ ಅಧ್ಯಕ್ಷ, ತನ್ನ ಅಂಗಡಿಯ ವ್ಯಾನು ಕೊಡುತ್ತೇನೆ, ಮಂಗಲಾ ಕಾಕೂನ ಒಯ್ಯುವ ಪುಣ್ಯ ನನಗಿರಲಿ ಎಂದು ಮುಂದೆ ಬಂದ. ಕಾಲನಿಯಲ್ಲಿ ಗಾಡಿಗೆ ಕೀಲಿ ಹಾಕುವ ರೂಢಿಯೇ ಇರಲಿಲ್ಲ. ಅರಿಹಂತನ ವ್ಯಾನಿನ ಟಾಕಿಯೂ ಖಾಲಿಯಾಯಿತು. ಮಂಗಲಳನ್ನು ಒಯ್ಯುವ ಗಾಡಿಗಳದ್ದಷ್ಟೇ ಕಳುವಾದರೆ ಸಂಶಯ ಬಂದೀತೆಂದು, ಸುಮ್ಮನೆ ನಿಂತಿದ್ದ ಬೇರೆಯವರ ಕಾರಿನದನ್ನೂ ಎಳೆದ. ಮೆಟ್ಟಿಲ ಕೆಳಗೆ ಡಬ್ಬಿಗಳು ಒತ್ತಿಕೊಂಡು ನಿಂತವು.

ಕಾಲನಿಯ ಮೊಬೈಲ್ ಗ್ರೂಪಿನಲ್ಲಿ ಮೆಸೇಜುಗಳು ಹಾರಾಡಿದವು. ಕ್ಯಾಮೆರಾ ಹಾಕಿಸಬೇಕು ಎಂದು ಒಬ್ಬ, ಪೊಲೀಸರಿಗೆ ಹೇಳಬೇಕು ಎಂದು ಇನ್ನೊಬ್ಬ. ಬಸ್ತಿಯ ಕಟ್ಟೆಯ ಮೇಲೆ ಮೀಟಿಂಗ್ ಸೇರಿತು. ಕಳುವು ಆಗುವುದು ಅಭಿಷೇಕದ ಹೊತ್ತಿನಲ್ಲಿ, ಆಗ ಎಲ್ಲರೂ ಬಸ್ತಿಯಲ್ಲಿ, ಓಣಿಯಲ್ಲಿ ಉಳಿಯುವವನು ವಾಚಮನ್ ಕಾಡಸಿದ್ದಪ್ಪ. ಮಿರಜಿನಾಚೆಯ ಆರಗವೆಂಬ ಹಳ್ಳಿಯ ಕುರುಬರವನು, ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಬಂದು ಇಲ್ಲಿ ಕಾಲನಿಯ ಗೇಟಿನ ಹತ್ತಿರ ಕಂಬಳಿ ಹಾಸಿ ಕೂತಿರುತ್ತಿದ್ದ. ಮಂಗಲಾ ಅವನಿಗೆ ದಿನಾ ರೊಟ್ಟಿ ಕೊಡುತ್ತಿದ್ದಳು, ತಮ್ಮಾ ಎನ್ನುತ್ತಿದ್ದಳು, ಮಳೆ ಬೆಳೆ ಕುರಿ ಎಂದು ಅವನೊಂದಿಗೆ ಕನ್ನಡದಲ್ಲಿ ಹರಟುತ್ತಿದ್ದಳು. 'ಕಾಕಾ, ಆ ಹೊತ್ತಿನ್ಯಾಗ ನೀವ್ ಮನ್ಯಾಗ ಇರ್ತೀರಿ. ಓಣ್ಯಾಗ ಯಾರರ ಕಂಡ್ರೇನು?' ಎಂದು ಅರಿಹಂತ ಕೇಳಿದ. ಎಲ್ಲರೂ ಶಾಂತಿನಾಥನತ್ತ ನೋಡಿದರು. 'ಕಾಡಸಿದ್ದ ಒಬ್ಬನ ಇದ್ದ' ಎಂದ. ಸುಳ್ಳಲ್ಲ. ಅಕ್ಷರ ಅಕ್ಷರವೂ ನಿಜ. ಆ ನಿಜವನ್ನು ಆಡಿದ ನಾಲಿಗೆ ಆಮೇಲೆ ಇಡೀ ದಿನ ಅಂಗುಳಕ್ಕೆ ಅಂಟಿಕೊಂಡೇ ಇತ್ತು. ಅಲ್ಲೇ ನಿಂತಿದ್ದ ಕಾಡಸಿದ್ದಪ್ಪನನ್ನು ಕೆಲಸದಿಂದ ಬಿಡಿಸಿದರು. ಅವನು ಜಗಳಾಡಲಿಲ್ಲ. ಒಂದು ಸಲ ಮಾತ್ರ ಶಾಂತಿನಾಥನ ಮುಖ ನೋಡಿ, ಕಂಬಳಿ ಮಡಚಿ ಹೆಗಲಿಗೆ ಹಾಕಿ, ಸೀಟಿ ಮತ್ತು ಬಡಿಗೆಯನ್ನು ಕಟ್ಟೆಯ ಮೇಲಿಟ್ಟು, 'ನಾ ಹೋದ್ಯಾ ಅಂತ ಅಕ್ಕಾರಿಗೆ ಒಂದ ಮಾತ ಹೇಳ್ರಿ ಸಾವಕಾರ್ರ' ಎಂದು ಹೋದ. ಶಾಂತಿನಾಥ ಆ ಮಾತನ್ನು ಮಂಗಲಳಿಗೆ ಮುಟ್ಟಿಸಲಿಲ್ಲ.

'ಬಾಬಾ, ಎಷ್ಟೊತ್ತು? ಆಯಿ ಕಾಯಾಕತ್ಯಾಳ' ಎಂದು ಅನೇಕಾಂತ ಮರಾಠಿಯಲ್ಲಿ ಕೂಗಿ ಬಚ್ಚಲ ಬಾಗಿಲು ಬಡಿದ. ಹೊರಗೆ ಬಂದರೆ ಮಂಗಲಳನ್ನು ಕುರ್ಚಿಯಲ್ಲಿ ಕೂಡಿಸಿದ್ದರು. ಬಿಳೀ ಸೀರೆಯಲ್ಲಿ ಅವಳು ಒಂದು ಹಿಡಿಯಷ್ಟಾಗಿದ್ದಳು. ವ್ರತಕ್ಕೆ ಹೋಗುವ ಮುಂಚೆ ಎಲ್ಲರ ಕ್ಷಮೆ ಬೇಡಬೇಕು. ಯಾರ ಮನಸ್ಸಿನಲ್ಲೂ ತನ್ನದೊಂದು ಮುಳ್ಳು ಉಳಿಯಬಾರದು. ಅನೇಕಾಂತ ಒಂದು ಕಡೆ, ಅರಿಹಂತ ಇನ್ನೊಂದು ಕಡೆ ಕುರ್ಚಿ ಹಿಡಿದು ಮನೆ ಮನೆಗೆ ಒಯ್ದರು. ಪ್ರತಿ ಬಾಗಿಲಲ್ಲೂ ಅವಳು ಕೈಮುಗಿದು, 'ತಿಳದ ತಿಳೀದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ' ಎಂದಳು. ನೀರಿನ ಸರದಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಕೊನೆಮನೆಯ ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು. ಶಾಂತಿನಾಥ ಹಿಂದೆ ಹಿಂದೆ ನಡೆದ. ಬೇರೆಯವರ ಅಂಗಳದಲ್ಲಿ ನಿಂತ ಗಾಡಿಗಳನ್ನು ನೋಡದಿರಲು ನೆಲ ನೋಡುತ್ತ ನಡೆದ. ಗೇಟಿನ ಹತ್ತಿರ ಬಂದಾಗ ಮಂಗಲಾ ಕೈಯೆತ್ತಿ ಕುರ್ಚಿ ನಿಲ್ಲಿಸಿದಳು.

'ಕಾಡಸಿದ್ದ ಎಲ್ಲಿ? ಕರೀರಿ ಅವನ್ನ.'

'ಕಾಕೂ, ಅವನ್ನ ಕೆಲಸಾ ಬಿಡಿಸೇವಿ,' ಎಂದ ಅರಿಹಂತ. 'ಪೆಟ್ರೋಲ್ ಕದಿಯಾಂವ ಅವನ.'

ಮಂಗಲಾ ಅರಿಹಂತನನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ಔಷಧಿ ಶುರುವಾದಾಗಿನಿಂದ ಅವಳ ಮೂಗು ವಿಪರೀತ ಸೂಕ್ಷ್ಮವಾಗಿತ್ತು. ಮೂರನೇ ಮನೆಯ ಒಗ್ಗರಣೆಗೆ ಇಲ್ಲಿ ಹೊಟ್ಟೆ ತೊಳಸುತ್ತಿತ್ತು. ಶಾಂತಿನಾಥ ಎರಡೂ ಕೈಗಳನ್ನು ಧೋತರದ ಮಡಿಕೆಯೊಳಗೆ ಸೇರಿಸಿದ.

'ಅವನ ಕ್ಷಮಾ ಸಿಗೂತನಕ ನಾ ಗಾಡಿ ಹತ್ತೂದಿಲ್ಲ' ಎಂದಳು.

'ಅಯ್ಯ, ಕಳ್ಳನ ಕಡೆ ನೀವ್ಯಾಕ ಕ್ಷಮಾ ಬೇಡ್ತೀರಿ ಕಾಕೂ?'

'ನನ್ನ ಒಯ್ಯೂ ಗಾಡಿ ಸಲುವಾಗಿ ಅಲ್ಲೇನಪಾ ಅಂವ ಕೆಲಸ ಕಳ್ಕೊಂಡದ್ದು? ನನ್ನ ಒಳಗ ಒಯ್ರಿ.'

ಕಾಡಸಿದ್ದಪ್ಪನಿಗೆ ಫೋನು ಹಚ್ಚಿದರು, ಹತ್ತಲಿಲ್ಲ. ಕೂಡಿದ ಜನ ಗುಸುಗುಸು ಎನ್ನುತ್ತ ಚದುರಿತು. ಶಾಂತಿನಾಥನ ಎದೆಯೊಳಗೆ ಏನೋ ಹಗುರಾಗಿ ಎದ್ದಿತು. ನಳಿಗೆ ಬೇಡ, ಡಬ್ಬಿ ಬೇಡ. ಸುಮ್ಮನಿದ್ದರೆ ಸಾಕು. ಕಾಡಸಿದ್ದ ಆರಗದಲ್ಲಿ ಕಳ್ಳನಾಗಿ ಕೂತಿರುವ ತನಕ ಇವಳು ಇಲ್ಲಿ, ಈ ಮಂಚದ ಮೇಲೆ, ತನ್ನ ಕೈಯಳತೆಯಲ್ಲಿ. ಥೂ, ಎಂಥ ಮನುಷ್ಯ ನಾನು ಎಂದೂ ಅದೇ ಉಸಿರಿನಲ್ಲಿ ಅನ್ನಿಸಿತು. ಆದರೂ ಕಾಲುಗಳು ತಾವಾಗಿಯೇ ಅಡುಗೆಮನೆಗೆ ಹೋದವು, ಗಂಜಿಗೆ ಅಕ್ಕಿ ತೊಳೆಯಲೆಂದು ಹುರುಪಿನಿಂದ ಪಾತ್ರೆ ತೆಗೆದ. ಒಳಗಿನಿಂದ ಅವಳ ದನಿ ಬಂತು, ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ನಡುವೆ ನಿಂತಿತು. ಮತ್ತೆ ಮೊದಲಿನಿಂದ ಹೇಳಿದಳು. ಮತ್ತೆ ಅಲ್ಲಿಗೇ ನಿಂತಿತು. ಅವನು ಹೋಗಿ ಬಾಗಿಲಲ್ಲಿ ನಿಂತ.

'ಇಲ್ಲಿ ಬರ್ರಿ,' ಎಂದಳು. 'ಮುಂದಿಂದು ನೆನಪಾಗವಲ್ದು. ಸಣ್ಣಾಕಿ ಇದ್ದಾಗಿಂದ ಹೇಳಾಕತ್ತೇನಿ, ನೆನಪಾಗವಲ್ದು. ನಿನ್ನೇನೂ ಹಿಂಗ ಆಗಿತ್ತು.'

ಅವನು ಮುಂದಿನ ಸಾಲು ಹೇಳಿಕೊಟ್ಟ. ಅವಳು ಹೇಳಿದಳು. ಆಮೇಲೆ ಅವನ ಕೈ ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ, ಡಾಕ್ಟರು ಹೇಳಿದಾಗ, ಕೂದಲೆಲ್ಲ ಉದುರಿದಾಗ ಅವಳ ಕಣ್ಣಲ್ಲಿ ಕಾಣದ ಅಂಜಿಕೆ ಈಗ ಅಲ್ಲಿತ್ತು. 'ನನ್ನ ಬುದ್ಧಿ ಹೊಂಟೈತಿ. ಅದು ಪೂರಾ ಹೋಗೂದ್ರಾಗ ನನ್ನ ಅಲ್ಲಿಗೆ ಮುಟ್ಟಸ್ರಿ. ಆಮ್ಯಾಲ ಒಯ್ದು ಏನ್ ಮಾಡ್ತೀರಿ? ಯಾರ ಕಡೆನೂ ಏನೂ ಕೇಳ್ದಾಕಿ ನಾನು. ಇದೊಂದು ಕೇಳಾಕತ್ತೇನಿ.'

ಕೇಳುತ್ತಿದ್ದಾಳೆ, ತನ್ನನ್ನೇ ಕೇಳುತ್ತಿದ್ದಾಳೆ, ಮಹಾರಾಜರನ್ನಲ್ಲ, ಮಗನನ್ನಲ್ಲ. ಕದ್ದ ದಿನಗಳಲ್ಲಿ ತಾನು ಕುಡಿದದ್ದು ಅವಳ ಎಚ್ಚರವನ್ನು ಎಂದು ಶಾಂತಿನಾಥನಿಗೆ ಹೊಳೆಯಿತು. ತಲೆಯೆತ್ತಿ ನೋಡಿದ. ಕಿಟಕಿಯ ಹೊರಗೆ ಮೋಡ ಕವಿದು ಬಿಸಿಲು ಮಾಸಿತ್ತು. 'ಅಭ್ರ ಐತಿ, ಬಿಸಿಲಿಲ್ಲ,' ಎಂದ. 'ಏಳು. ಮೊದಲ ಆರಗಕ್ಕ ಹೋಗೂನು. ನಾ ಬರ್ತೇನಿ.'

ಮಿರಜ ದಾಟಿದ ಮೇಲೆ ರಸ್ತೆ ಕೆಟ್ಟದ್ದು. ಗಾಡಿಯನ್ನು ಮಗ ನಡೆಸುತ್ತಿದ್ದ, ಶಾಂತಿನಾಥ ಹಿಂದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪ್ರತಿ ಕುಲುಕಿಗೂ ಅವಳ ಮುಖ ಬಿಗಿಯುತ್ತಿತ್ತು, ಅವನದೂ. ಆರಗದ ಹೊರವಲಯದಲ್ಲಿ ಮುಳ್ಳಿನ ಬೇಲಿಯ ಕುರಿಹಟ್ಟಿ, ಪಕ್ಕದಲ್ಲಿ ತಗಡಿನ ಪತ್ರಾಸಿನ ಮನೆ. ಕಾಡಸಿದ್ದಪ್ಪ ಕುರಿಮರಿಯೊಂದರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವನು ವ್ಯಾನು ನೋಡಿ ಎದ್ದು ನಿಂತ. ಅವನ ಹೆಂಡತಿ ದುಂಡವ್ವ ಒಲೆಯ ಮುಂದಿನಿಂದ ಎದ್ದು ಬಂದಳು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು. ಬರ್ರಿ ಎನ್ನಲಿಲ್ಲ, ಕುಂದ್ರಿ ಎನ್ನಲಿಲ್ಲ.

'ಕದ್ದಾಂವ ನಾನು, ಕಾಡಸಿದ್ದಾ' ಎಂದ ಶಾಂತಿನಾಥ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ, ಇಷ್ಟೇ ಉಳಿದಿತ್ತು.

'ಬಾಬಾ?' ಎಂದ ಹಿಂದಿನಿಂದ ಅನೇಕಾಂತ.

ಕಾಡಸಿದ್ದಪ್ಪ ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡ. 'ಹಂಗಂದ್ರ ಏನ್ರಿ ಸಾವಕಾರ್ರ? ನಿಮ್ಮ ಗಾಡ್ಯಾಂದು ನೀವ ಕದಿಯೂದಂದ್ರ?'

'ಆಕಿ ಹೋಗಬಾರ್ದಂತ,' ಎಂದ. 'ಒಂದೊಂದ ದಿನ ಉಳೀತಾಳಂತ. ಮೀಟಿಂಗ್ನ್ಯಾಗ ನಿನ್ನ ಹೆಸರ ತಗದಾಂವನೂ ನಾನ. ನನಗ ಎಲ್ಲಾ ಗೊತ್ತಿತ್ತು.'

ಮುಂದೆ ಬಂದವಳು ದುಂಡವ್ವ. 'ಊರಾಗ ಮಂದಿ ನಮ್ಮ ಮನಿ ಮುಂದ ಸೈಕಲ್ ಮೋಟರ್ ನಿಲ್ಸೂದ ಬಿಟ್ಟಾರ. ನಿಲ್ಸಿದ್ರೂ ಟಾಕಿ ಮುಚ್ಚಳಾ ಮುಟ್ಟಿ ಮುಟ್ಟಿ ನೋಡ್ತಾರ, ನಗ್ತಾರ. ಈ ಮನುಷ್ಯಾ ಹೊರಗ ಬಿದ್ದಿಲ್ಲ ಅವತ್ತಿನಿಂದ. ನಿಮ್ಮ ಹೇಣ್ತಿ ನಿಮಗ ಬೇಕ್ರಿ, ಖರೆ. ನನ್ನ ಗಂಡನ ಮಾನ ಯಾರಿಗೆ ಬೇಕು?' ಶಾಂತಿನಾಥ ಅವಳ ಕಾಲಿಗೆ ಬಾಗಿದ. ಅವಳು ಹಿಂದೆ ಸರಿದಳು. ಅನೇಕಾಂತ ಮೊಬೈಲು ತೆಗೆದು, ಕಾಲನಿಯ ಗ್ರೂಪು ತೆರೆದು, ಅಪ್ಪನ ಬಾಯಿಯ ಮುಂದೆ ಹಿಡಿದ. ಶಾಂತಿನಾಥ ಅದರೊಳಗೆ ಹೇಳಿದ: ಪೆಟ್ರೋಲು ತೆಗೆದವನು ನಾನು, ಕಾಡಸಿದ್ದಪ್ಪ ಅಲ್ಲ, ಎಲ್ಲ ನಮ್ಮ ಮನೆಯ ಮೆಟ್ಟಿಲ ಕೆಳಗಿದೆ, ಬಂದು ನೋಡಿರಿ. ಭಾಗ್ಯವಂತರು ಎಂದು ಕಾಲು ಮುಟ್ಟಿದವರೆಲ್ಲ ಈಗ ಆ ಮಾತು ಕೇಳುತ್ತಿರುತ್ತಾರೆ ಎಂದು ಯೋಚಿಸಿ ನಾಚಿಕೆಯಾಯಿತು. ಅದರ ಹಿಂದೆಯೇ ಒಂಥರಾ ಸಮಾಧಾನವೂ ಆಯಿತು. ವ್ಯಾನಿನ ಬಾಗಿಲು ಸರಿಸಿದ್ದರು. ಮಂಗಲಾ ಮಲಗಿದಲ್ಲಿಂದಲೇ ಎರಡೂ ಕೈ ಜೋಡಿಸಿದಳು. ಕಾಡಸಿದ್ದಪ್ಪ ಓಡಿ ಹೋಗಿ, 'ಬ್ಯಾಡ್ರಿ ಅಕ್ಕಾರ, ನೀವ್ ನನಗ ಕೈ ಮುಗೀಬ್ಯಾಡ್ರಿ' ಎಂದು ಚಿಕ್ಕ ಹುಡುಗನ ಹಾಗೆ ಅತ್ತ. ದುಂಡವ್ವನೂ ಹೋದಳು, ಮಂಗಲಳ ಕಾಲ ಮೇಲೆ ಸರಿದಿದ್ದ ಚಾದರ ಎಳೆದು ಹೊದಿಸಿದಳು. 'ನಿಮಗ ಕ್ಷಮಾ ಮಾಡೇವ್ರಿ ಅಕ್ಕಾರ. ಅವರಿಗಿಲ್ಲ' ಎಂದಳು. ಅದು ಸರಿಯೆಂದು ಶಾಂತಿನಾಥನಿಗೂ ಅನ್ನಿಸಿತು.

ಗಾಡಿ ಮತ್ತೆ ಹೊರಟಿತು. ಮಗ ಕನ್ನಡಿಯಲ್ಲಿಯೂ ಹಿಂದೆ ನೋಡಲಿಲ್ಲ. ಬಹಳ ದೂರ ಹೋದ ಮೇಲೆ ಮಂಗಲಾ ಗಂಡನ ಅಂಗೈಯನ್ನು ಎಳೆದುಕೊಂಡು ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡಳು. 'ಇನ್ನ ನಿಮ್ಮ ಕ್ಷಮಾ ಒಂದ ಬೇಡೂದೈತಿ' ಎಂದಳು. ಅವನು, ನನ್ನ ಕಡೆ ನಿನ್ನದೇನು ತಪ್ಪು, ತಪ್ಪೆಲ್ಲ ನನ್ನದು ಎನ್ನಹೋದ. ಅವಳು ತಲೆ ಅಲ್ಲಾಡಿಸಿದಳು.

'ಮೊದಲನೇ ದಿನಾನ ನನಗ ಗೊತ್ತಿತ್ತು. ಗಂಜಿ ಕುಡಸಾಕ ಬಂದ್ರಲ್ಲ, ಕೈ ನಾರ್ತಿತ್ತು. ಗೊತ್ತಾತು, ಸುಮ್ನಿದ್ದೆ. ಯಾಕಂದ್ರ ನನಗೂ ಭಾಳ ಖುಷಿ ಆತು. ನಾಳಿನೂ ಮಾಡ್ಲಿ ಅಂತ ಮನಸ್ಸಿನ್ಯಾಗ ಅಂದ್ಕೊಂಡೆ. ದಿನಾ ಅಂದ್ಕೊಂಡೆ. ಕಾಡಸಿದ್ದನ್ನ ಬಿಡಸ್ಯಾರಂತ ನನಗ ತಿಳೀಲಿಲ್ಲ, ತಿಳಿದಿದ್ರ ಅವತ್ತ ಹೇಳ್ತಿದ್ದೆ. ಆದ್ರ ಆ ಖುಷಿ ನಂದು. ಅದಕ್ಕ ಕ್ಷಮಾ ಮಾಡ್ರಿ.'

ಹಾಗಿದ್ದರೆ ಗಾಡಿ ತಿರುಗಿಸೋಣ, ಈಗಲೂ ತಿರುಗಿಸೋಣ, ನೀನೂ ಬಯಸಿದ್ದೆ ಎಂದು ಶಾಂತಿನಾಥನಿಗೆ ಕೂಗಬೇಕೆನಿಸಿತು. ಅವಳ ಕಣ್ಣು ನೋಡಿದ. ಅಲ್ಲಿ ಮುಂಜಾನೆಯ ಅಂಜಿಕೆ ಇರಲಿಲ್ಲ. 'ಮಾಡೇನಿ' ಎಂದ. ಹೇಳಿದ ಕೂಡಲೆ ಅವಳನ್ನು ಕೊಟ್ಟುಬಿಟ್ಟೆ ಎಂದು ಗೊತ್ತಾಯಿತು.

'ಅಲ್ಲಿ ಹೋದ ಮ್ಯಾಲ ಎಲ್ಲಾರ್ನೂ ಒಂದ ಸಮಾ ನೋಡ್ಬೇಕು ನಾನು,' ಎಂದಳು ಅವಳು. 'ನೀವ್ ಎದುರಿಗೆ ಬಂದ ನನ್ನಾಕಿ ಅಂತ ನಿಂತ್ರ ನನಗ ಆಗೂದಿಲ್ಲ. ನನಗ ತ್ರಾಸ ಕೊಡಬ್ಯಾಡ್ರಿ.'

ಆಶ್ರಮದಲ್ಲಿ ಮಹಾರಾಜರು ಮೆಲ್ಲಗೆ, ಮನೆಯವರ ಒಪ್ಪಿಗೆ ಇದೆಯೇ ಎಂದು ಕೇಳಿದರು. ಎಲ್ಲರೂ ತಿರುಗಿದರು. 'ಐತ್ರಿ' ಎಂದ ಶಾಂತಿನಾಥ. ಅಲ್ಲಿನ ಸನ್ಯಾಸಿನಿ ಮಾತಾಜಿಯವರು ಮಂಗಲಳನ್ನು ಒಳಗೆ ಕರೆದುಕೊಂಡು ಹೋದರು. ಅವಳು ತಿರುಗಿ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ದರ್ಶನಕ್ಕೆ ಜನ ಬರತೊಡಗಿದರು. ಸಾಂಗ್ಲಿಯಿಂದ, ಮಿರಜಿನಿಂದ, ಹೆಸರು ಕೇಳದ ಹಳ್ಳಿಗಳಿಂದ. ಶಾಂತಿನಾಥನೂ ಬಂದ. ಕಾಲನಿಯವರು ಅವನೊಡನೆ ಮಾತು ಬಿಟ್ಟಿದ್ದರು, ಮಗ ಬೇಕಾದಷ್ಟೇ ಆಡುತ್ತಿದ್ದ. ಅವನು ಬಸ್ಸು ಹತ್ತಿ ಬಂದು ಗುಡ್ಡದ ಮೆಟ್ಟಿಲು ಹತ್ತಿ, ಎಲ್ಲರ ಹಿಂದೆ ಪಾಳಿಯಲ್ಲಿ ನಿಂತ. ಮುಂದೆ ಹೋಗಿ ನಾನು ಇಂಥವನು ಎಂದಿದ್ದರೆ ದಾರಿ ಬಿಡುತ್ತಿದ್ದರು, ಹೇಳಲಿಲ್ಲ. ಚಾಪೆಯ ಮೇಲೆ ಮಂಗಲಾ ಒರಗಿದ್ದಳು. ಎದುರಿಗೆ ಬಂದ ಒಬ್ಬೊಬ್ಬರಿಗೂ ಎದೆಯ ಮೇಲೆ ಕೈ ಜೋಡಿಸುತ್ತಿದ್ದಳು, ಕಣ್ಣು ಅವರ ಮುಖದ ಮೇಲೆ ಒಂದು ಗಳಿಗೆ ನಿಂತು, ಮುಂದಿನವರ ಮೇಲೆ ಸರಿಯುತ್ತಿತ್ತು. ಕೈಗೂಸು ಎತ್ತಿಕೊಂಡ ಹೆಂಗಸಿಗೆ, ಕೋಲೂರಿದ ಮುದುಕನಿಗೆ, ಯಾರೋ ಲಾರಿ ಡ್ರೈವರನಿಗೆ. ಆಮೇಲೆ ಅವನಿಗೆ. ಕೈ ಜೋಡಿಸಿದಳು. ಕಣ್ಣು ನಿಂತಿತು. ಎಲ್ಲರ ಮೇಲೆ ನಿಂತಷ್ಟೇ ಹೊತ್ತು ನಿಂತು, ಅವನ ಹಿಂದಿನವಳ ಮೇಲೆ ಹೋಯಿತು.

ಹೊರಗೆ ಬಂದು ಚಪ್ಪಲಿ ಹುಡುಕುವಾಗ ಹಿಂದಿದ್ದ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಕೇಳಿದಳು: 'ಎಂಥಾ ಶಾಂತಿ ಐತ್ರಿ ಆ ತಾಯಿ ಮುಖದಾಗ! ನಿಮಗ ಗುರ್ತೇನ್ರಿ ಅವರು?'

'ಹೂಂರಿ,' ಎಂದ ಶಾಂತಿನಾಥ. 'ಒಂದ ಓಣ್ಯಾಗ ಇದ್ವಿ.'